ಬಾಕ್ಸಿಂದ ಬಾಕ್ಸಿಗೆ ವೈರ್ ಎಳೆದರೆ ಅದು ‘ಸರಣಿ’ಯೇ?

ಗೆಳೆಯರೇ,

ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ನುಡಿಸುವ ಹುಡುಗರಿಗಾಗಿ ಕನ್ನಡದಲ್ಲಿ ಎರಡು ಪುಟದ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆಂಪ್‌ಗೆ (ಗಿಟಾರ್‌ನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್‌ಗೆ) ಇನ್ನೊಂದು ಸ್ಪೀಕರ್ ಬಾಕ್ಸ್ ಸೇರಿಸುವುದು ಹೇಗೆ ಅನ್ನುವುದಷ್ಟೇ ವಿಷಯ. ಬೇಸ್‌ನ ದಪ್ಪ ತಂತಿಯ ಸ್ವರ 41 ಹರ್ಟ್ಸ್‌ನಷ್ಟು ಕೆಳಗಿರುತ್ತದೆ. ಬಯಲಿನ ಕಾರ್ಯಕ್ರಮದಲ್ಲಿ ಅದು ಹಿಂದಿನ ಸಾಲಿನವರೆಗೆ ಮುಟ್ಟಬೇಕಾದರೆ ಒಂದು ಬಾಕ್ಸ್ ಸಾಲುವುದಿಲ್ಲ. ‘ಎಕ್ಸ್‌ಟೆನ್ಷನ್ ಕ್ಯಾಬಿನೆಟ್’ ಅನ್ನೋದಕ್ಕೆ ‘ಹೆಚ್ಚುವರಿ ಬಾಕ್ಸ್’ ಅಂತ ಬರೆದಿದ್ದೇನೆ, ಅದರಲ್ಲಿ ತಕರಾರಿಲ್ಲ. ನಾನು ಸಿಕ್ಕಿಕೊಂಡಿರುವುದು ಜೋಡಣೆಯ ಪದದಲ್ಲಿ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ನಾವೆಲ್ಲ ಎರಡು ಪದ ಓದಿದ್ದೇವೆ: ಸರಣಿ, ಸಮಾಂತರ. ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ. 8 ಓಮ್‌ನ ಎರಡು ರೋಧಗಳನ್ನು ಸರಣಿಯಲ್ಲಿ ಜೋಡಿಸಿದರೆ 16 ಓಮ್, ಸಮಾಂತರದಲ್ಲಿ ಜೋಡಿಸಿದರೆ 4 ಓಮ್. ಪುಸ್ತಕದ ಚಿತ್ರದಲ್ಲಿ ಗೊಂದಲವೇ ಇಲ್ಲ. ಸ್ಟೇಜಿನ ಮೇಲೆ ನೋಡಿ. ಆಂಪ್‌ನಿಂದ ಮೊದಲ ಬಾಕ್ಸಿಗೆ ಒಂದು ವೈರ್. ಆ ಬಾಕ್ಸಿನ ಹಿಂದೆ ಇನ್ನೊಂದು ತೂತು ಇರುತ್ತದೆ, ಅಲ್ಲಿಂದ ಎರಡನೇ ಬಾಕ್ಸಿಗೆ ಮತ್ತೊಂದು ವೈರ್. ಒಂದರ ಹಿಂದೆ ಒಂದು. ಮೊನ್ನೆ ಒಬ್ಬ ಹುಡುಗ ಕೇಳಿದ: “ಅಣ್ಣಾ, ಹಿಂಗೆ ಹಾಕಿದ್ರೆ ಸೀರೀಸ್ ತಾನೇ? 4 ಮತ್ತೆ 4 ಸೇರಿ 8 ಆಯ್ತು, ಸೇಫ್ ಅಲ್ವಾ?”

ಸೇಫ್ ಅಲ್ಲ. ಬಾಕ್ಸಿನ ಹಿಂದಿನ ತಟ್ಟೆ ಬಿಚ್ಚಿದರೆ ಕಾಣುತ್ತದೆ. ಎರಡೂ ತೂತುಗಳ ಪ್ಲಸ್ ಪ್ಲಸ್‌ಗೆ, ಮೈನಸ್ ಮೈನಸ್‌ಗೆ ನೇರವಾಗಿ ಬೆಸುಗೆ ಆಗಿರುತ್ತದೆ. ಅಂದರೆ ಅದು ಸಮಾಂತರ. ಅವನ ಎರಡು ಬಾಕ್ಸ್ ಸೇರಿ 8 ಅಲ್ಲ, 2 ಓಮ್. ಅವನ ಆಂಪ್ ಹಿಂದೆ ‘ಮಿನಿಮಮ್ 4 ಓಮ್ಸ್’ ಅಂತ ಬರೆದಿದೆ. ಹಾಗೇ ಜೋರಾಗಿ ನುಡಿಸಿದರೆ ಆಂಪ್ ಕಾದು ನಡುವೆಯೇ ನಿಂತುಹೋಗಬಹುದು, ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಟ್ಟುಹೋಗಲೂಬಹುದು.

ಇಲ್ಲಿ ದಾರಿ ತಪ್ಪಿಸಿದ್ದು ‘ಸರಣಿ’ ಅನ್ನೋ ಪದವೇ ಅಂತ ನನಗನ್ನಿಸುತ್ತದೆ. ಕನ್ನಡದಲ್ಲಿ ಸರಣಿ ಅಂದರೆ ಸಾಲು, ಒಂದಾದ ಮೇಲೆ ಒಂದು. ಕಣ್ಣಿಗೆ ಕಾಣುವುದೂ ಅದೇ. ‘ಸರಪಳಿ’, ‘ಕೊಂಡಿ’ ಅಂತ ಬರೆದರೂ ಇದೇ ತೊಂದರೆ. ಇನ್ನು ‘ಸಮಾಂತರ’ ಅಂದರೆ ಅಕ್ಕಪಕ್ಕದ ಎರಡು ಗೆರೆ ನೆನಪಾಗುತ್ತದೆ. ಬಾಕ್ಸ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಆ ಚಿತ್ರ ಹೊಂದುವುದೇ ಇಲ್ಲ. ಸದ್ಯಕ್ಕೆ ‘ಕವಲು ಜೋಡಣೆ’ ಅಂತ ಇಟ್ಟುಕೊಂಡು, ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ‘ವೈರ್ ಸಾಲಾಗಿ ಹೋದರೂ ಕರೆಂಟ್ ಕವಲೊಡೆದು ಹರಿಯುತ್ತದೆ.’ ಪಠ್ಯದ ಪದ ಬಿಟ್ಟು ಹೊಸದು ತಂದರೆ ಓದುವವರಿಗೆ ಕಷ್ಟವಾದೀತಾ ಅನ್ನೋ ಅಳುಕೂ ಇದೆ.

ಎರಡನೆಯದು ‘ಲೋಡ್’, ಅಂದರೆ ಆಂಪ್ ಮೇಲೆ ಬೀಳುವ ಹೊರೆ. ರಿಪೇರಿ ಮಾಡುವವರು “ಬಾಕ್ಸ್ ಜಾಸ್ತಿ ಮಾಡಿದ್ರೆ ಲೋಡ್ ಜಾಸ್ತಿ ಆಗತ್ತೆ” ಅನ್ನುತ್ತಾರೆ. ಮಾತು ಸರಿ. ಆದರೆ ಲೋಡ್ ಏರಿದಾಗ ಓಮ್ ಇಳಿಯುತ್ತದೆ, ಹೊಸಬರು ಇಲ್ಲೇ ತಲೆಕೆಳಗಾಗಿ ತಿಳಿಯುತ್ತಾರೆ. ಟ್ಯಾಂಕಿಗೆ ಎರಡನೇ ನಲ್ಲಿ ಹಾಕಿದರೆ ತಡೆ ಕಡಿಮೆಯಾಗಿ ನೀರು ಜಾಸ್ತಿ ಹೋಗುತ್ತದಲ್ಲ, ಇದೂ ಹಾಗೇ. 8 ಓಮ್‌ನಲ್ಲಿ 300 ವಾಟ್ ಕೊಡುವ ಆಂಪ್ 4 ಓಮ್‌ನಲ್ಲಿ 500 ವಾಟ್ ಕೊಡುವುದೂ ಇದಕ್ಕೇ. ಆದ್ದರಿಂದ ‘ಕನಿಷ್ಠ 4 ಓಮ್’ ಅನ್ನುವ ಬದಲು ‘4 ಓಮ್‌ಗಿಂತ ಕೆಳಗೆ ಇಳಿಸಬೇಡಿ’ ಅಂತಲೇ ಬರೆದೆ. ‘ಕನಿಷ್ಠ’ ತಪ್ಪಲ್ಲ, ಆದರೆ ಕಾರ್ಯಕ್ರಮದ ಗಡಿಬಿಡಿಯಲ್ಲಿ ಓದುವವನಿಗೆ ಬೇಡ ಅನ್ನುವ ಮಾತು ನೇರವಾಗಿ ಸಿಗಬೇಕು. (ಇದೆಲ್ಲ ಟ್ರಾನ್ಸಿಸ್ಟರ್ ಆಂಪ್‌ಗಳ ಮಾತು. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಆಂಪ್‌ನಲ್ಲಿ ಓಮ್ ಸರಿಯಾಗಿ ಹೊಂದಲೇಬೇಕು, ಬಾಕ್ಸ್ ಇಲ್ಲದೆ ಅದನ್ನು ನುಡಿಸಲೇಬಾರದು.)

ಇನ್ನೂ ಒಂದಿದೆ. ‘ಇಂಪೀಡೆನ್ಸ್’ಗೆ (ನುಡಿಸುವಾಗ ಬಾಕ್ಸ್ ಕರೆಂಟಿಗೆ ಒಡ್ಡುವ ಒಟ್ಟು ತಡೆಗೆ) ‘ರೋಧ’ ಅಂತ ಬರೆದುಬಿಡಿ, ಸುಮ್ನೆ ಯಾಕೆ ತಲೆಬಿಸಿ ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. 8 ಓಮ್ ಅಂತ ಬರೆದಿರುವ ಬಾಕ್ಸಿಗೆ ಮೀಟರ್ ಇಟ್ಟರೆ 6ರ ಆಸುಪಾಸು ತೋರಿಸುತ್ತದೆ. ಮೀಟರ್ ಅಳೆಯುವುದು ಬರೀ ಸುರುಳಿಯ ತಂತಿಯ ರೋಧವನ್ನು. ನುಡಿಸುವಾಗಿನದು ಸ್ವರದಿಂದ ಸ್ವರಕ್ಕೆ ಬದಲಾಗುತ್ತಿರುತ್ತದೆ. ಎರಡಕ್ಕೂ ಒಂದೇ ಪದ ಇಟ್ಟರೆ, ಬಾಕ್ಸ್ ಕೆಟ್ಟಿದೆ ಅಂತ ಹುಡುಗರು ಅಂಗಡಿಗೆ ಹೊತ್ತೊಯ್ಯುತ್ತಾರೆ. ಹಾಗಾಗಿ ‘ಇಂಪೀಡೆನ್ಸ್’ ಹಾಗೇ ಉಳಿಸಿದ್ದೇನೆ.

ನಿಮ್ಮಲ್ಲಿ ಕೇಳಬೇಕಿರುವುದು ಇದು. ನಿಮ್ಮ ಊರಿನ ಮೈಕ್ ಸೆಟ್‌ನವರು, ಶಾಮಿಯಾನದವರು, ಸೀರಿಯಲ್ ಸೆಟ್ ಕಟ್ಟುವವರು ಈ ಎರಡು ಬಗೆಯ ಜೋಡಣೆಗೆ ಬಾಯಿಮಾತಿನಲ್ಲಿ ಏನನ್ನುತ್ತಾರೆ? ಸೀರೀಸ್, ಪ್ಯಾರಲಲ್ ಬಿಟ್ಟು ಬೇರೆ ಪದ ಕೇಳಿದ್ದೀರಾ? ಕರಾವಳಿ ಮತ್ತು ಉತ್ತರ ಕರ್ನಾಟಕದ ಕಡೆಯವರು ದಯವಿಟ್ಟು ಬರೆಯಿರಿ. ‘ಕವಲು ಜೋಡಣೆ’ ಕಿವಿಗೆ ಒಗ್ಗುತ್ತದೋ ಇಲ್ಲವೋ, ಅದನ್ನೂ ತಿಳಿಸಿ.