ಕ್ರೋಶಾ ಶೆಲ್ ಅಂಚು ಅಲೆಅಲೆಯಾಗ್ತಿದೆ

ಪ್ರಶ್ನೆ: ಮಗುವಿನ ಹೊದಿಕೆಗೆ ಶೆಲ್ (ಚಿಪ್ಪಿನಾಕಾರದ) ಅಂಚು ಹಾಕ್ತಿದೀನಿ. ಪೂರ್ತಿ ಡಬಲ್ ಕ್ರೋಶಾ ಸಾಲುಗಳು. ಮೇಲೆ ಕೆಳಗೆ ಸರಿಯಾಗಿದೆ, ಪಕ್ಕದ ಅಂಚು ಮಾತ್ರ ಫ್ರಿಲ್ ಥರ ಏಳ್ತಿದೆ. ಮೂಲೆ ಮುದುರ್ತಿದೆ. ಏನು ತಪ್ಪು?

ಉತ್ತರ 1: ಪಕ್ಕದಲ್ಲಿ ಸಾಲಿಗೆ 3 ಹೊಲಿಗೆ ಹಾಕಿರ್ತೀರಿ. ಡಬಲ್ ಸಾಲೊಂದಕ್ಕೆ 2 ಸಿಂಗಲ್ ಕ್ರೋಶಾ (ಡಬಲ್‌ಗಿಂತ ಗಿಡ್ಡ ಹೊಲಿಗೆ) ಸಾಕು. ಶೆಲ್ ಬಿಚ್ಚಿ, ಮೊದಲು ಸುತ್ತಲೂ ಸಿಂಗಲ್ ಸುತ್ತು ಹಾಕಿ, ಮೂಲೆಯಲ್ಲಿ ಒಂದೇ ಕಣ್ಣಿಗೆ (ಹೊಲಿಗೆಯ ಕುಣಿಕೆಗೆ) 3. ನೆಲದ ಮೇಲೆ ಹರಡಿ ನೋಡಿ: ಅಲೆಯಾದರೆ ಹೊಲಿಗೆ ಹೆಚ್ಚು, ಒಳಕ್ಕೆ ಎಳೆದರೆ ಕಮ್ಮಿ.

ಉತ್ತರ 2: ಶೆಲ್‌ಗೆ 2 ಕಣ್ಣು ಬಿಟ್ಟು ಮೂರನೆಯದರಲ್ಲಿ 5 ಡಬಲ್, ಮತ್ತೆ 2 ಬಿಟ್ಟು ಒಂದು ಸಿಂಗಲ್. ಮೂಲೆಯ ನಡುಗಣ್ಣಲ್ಲಿ ಮಾತ್ರ 7 ಡಬಲ್, ಆಗ ಮುದುರಲ್ಲ. ಎರಡು ಮೂಲೆಯ ನಡುಗಣ್ಣುಗಳ ಮಧ್ಯೆ 6ರ ಗುಣಕಕ್ಕಿಂತ ಒಂದು ಕಮ್ಮಿ ಕಣ್ಣು ಇರಬೇಕು: 59, 65, ಹೀಗೆ. ಒಂದೆರಡು ಹೆಚ್ಚುಕಮ್ಮಿಯಾದರೆ ಸಿಂಗಲ್ ಸುತ್ತಲ್ಲೇ ಸರಿಮಾಡಿ, ಶೆಲ್ ಹಾಕುವಾಗ ಅಲ್ಲ. ಶೆಲ್‌ನಲ್ಲಿ ಹೆಚ್ಚುಕಮ್ಮಿ ಮಾಡಿದರೆ ಎದ್ದು ಕಾಣುತ್ತೆ.

ಉತ್ತರ 1: ಇನ್ನೊಂದು, ಬ್ರಿಟಿಷ್ ಪ್ಯಾಟರ್ನ್ ನೋಡ್ತಿದ್ರೆ ಹುಷಾರು. ಅಲ್ಲಿ ‘ಡಬಲ್’ ಅಂದರೆ ನಾವಿಲ್ಲಿ ಹೇಳಿದ ಸಿಂಗಲ್!