ಕೆಚ್ಚಿನ ಸುತ್ತಲಿನ ಬಿಳಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹಾವೇರಿಯಲ್ಲಿ ಐಟಿಐ ಹುಡುಗರಿಗೆಂದು ಅಮೆರಿಕದ ಮರಗೆಲಸದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ತೊಡಕು. ಅಲ್ಲಿ ಕೊಯ್ದ ಹಲಗೆ ಲಂಬರ್, ನಿಂತ ಮರ ಇಲ್ಲವೇ ದಪ್ಪ ತೊಲೆ ಟಿಂಬರ್. ಬ್ರಿಟನ್ನಿನವರಿಗೆ ಹಲಗೆಯೂ ಟಿಂಬರೇ. ಈ ತೊಡಕನ್ನು ನಮ್ಮ ಮಾತೇ ಬಿಡಿಸಿತು. ಧಾರವಾಡ ಸೀಮೆಯಲ್ಲಿ ಬೇವು ಎಷ್ಟೆತ್ತರ ಬೆಳೆದರೂ ಬೇವಿನ ಗಿಡವೇ. ನಿಂತದ್ದು ಗಿಡ, ಕೊಯ್ದದ್ದು ಕಟ್ಟಿಗೆ. ಮೈಸೂರು ಕಡೆಯವರಿಗೆ ಒಲೆಯ ಸೌದೆ ನೆನಪಾದೀತು, ಆದರೆ ಓದುವವರು ನಮ್ಮ ಹುಡುಗರು. 'ಕೊಯ್ದ ಕಟ್ಟಿಗೆ' ಎಂದೇ ಬರೆದೆ.

ಕೇಳಬೇಕಾದದ್ದು ಬೇರೆ ಇದೆ. ಸಾಗವಾನಿ ದಿಮ್ಮಿಯನ್ನು ಅಡ್ಡ ಕೊಯ್ದರೆ ನಟ್ಟನಡುವೆ ಮೆತ್ತನೆಯ ಸಣ್ಣ ಬೊಟ್ಟು, ಅದರ ಸುತ್ತ ಹೊಂಗಂದು ಬಣ್ಣದ ಗಟ್ಟಿ ಭಾಗ, ತೊಗಟೆಗೆ ಹತ್ತಿಕೊಂಡು ಬೆಳ್ಳನೆಯ ಉಂಗುರ. ಗಟ್ಟಿ ಭಾಗಕ್ಕೆ ಕೆಚ್ಚು, ಚೇಗು ಎಂಬ ಹಳೆಯ ಪದಗಳಿವೆ. ಕೆಚ್ಚೆದೆಯಲ್ಲಿರುವ ಕೆಚ್ಚೂ ಇದೇ. ಇದನ್ನು ತಿರುಳು ಎಂದು ಬಿಡಿಸಿ ಹೇಳುವ ರೂಢಿಯೂ ಇದೆ, ಅದನ್ನು ನಾನು ಒಪ್ಪಲಾರೆ. ತಿರುಳು ನಡುವಿನ ಆ ಮೆತ್ತನೆಯ ಬೊಟ್ಟು. ಅದು ಸೇರಿದ ಹಲಗೆ ಒಣಗುವಾಗ ಸೀಳು ಬಿಡುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಕಲಿಯುವ ಹುಡುಗ ಸೀಳುವ ಹಲಗೆಯನ್ನೇ ಗಟ್ಟಿಯೆಂದು ಆರಿಸಿಯಾನು.

ಇನ್ನು ಆ ಬೆಳ್ಳನೆಯ ಉಂಗುರ, ಇಂಗ್ಲಿಷಿನವರ ಸ್ಯಾಪ್‌ವುಡ್. ಗಿಡ ಜೀವದಿಂದಿರುವಾಗ ಬೇರಿನ ನೀರು ಮೇಲೇರುವುದು ಅದರೊಳಗೇ. ಪಿಷ್ಟ ಕೂಡಿರುವುದೂ ಅಲ್ಲೇ, ಹಾಗಾಗಿ ಹುಳ ಮೊದಲು ಹತ್ತುವುದೂ ಅಲ್ಲಿಗೇ. ರಸಕಾಷ್ಠ ಎನ್ನಬಹುದು, ಆದರೆ ಆ ಪದ ಬಾಚಿ ಹಿಡಿದವರ ಬಾಯಿಗೆ ಬರುವಂಥದ್ದಲ್ಲ. ಚೌಕಟ್ಟಿನ ಕೆಲಸಕ್ಕೆ ಮನೆಗೆ ಬಂದಿದ್ದ ಹಿರಿಯ ಬಡಿಗೇರರನ್ನು ಕೇಳಿದೆ. ಹಲಗೆಯ ಅಂಚನ್ನು ಉಗುರಿನಿಂದ ಗೀರಿ, "ಇದು ಬಿಳೇದ್ರೀ. ಹೊಸ್ತಲಕ್ಕ ಹಾಕಬ್ಯಾಡ್ರಿ, ಹುಳಾ ಹತ್ತತೈತಿ" ಅಂದರು. "ಹಂಗಂದ್ರ ಇದರ ಹೆಸರರೀ?" ಎಂದು ಮತ್ತೆ ಕೇಳಿದರೆ, "ಬಿಳೇದು ಅಂದ್ರ ಬಿಳೇದ ರೀ" ಎಂದು ಕೆಲಸಕ್ಕೆ ತಿರುಗಿದರು.

ಅದನ್ನೇ ಹಿಡಿದು 'ಬಿಳಿಗಟ್ಟಿಗೆ' ಎಂದು ಬರೆದಿಟ್ಟುಕೊಂಡಿದ್ದೇನೆ. ಒಳಗೂ ಹೊರಗೂ ಬೆಳ್ಳಗೇ ಇರುವ ಕಟ್ಟಿಗೆಯ ಮಾತು ಬಂದಾಗ ಈ ಹೆಸರು ದಾರಿ ತಪ್ಪಿಸೀತೆಂಬ ಅಳುಕು ಮಾತ್ರ ಹೋಗಿಲ್ಲ. ಕಲಘಟಗಿ, ಹಾನಗಲ್ಲ, ಗದಗ ಕಡೆಯ ಬಡಿಗೇರರು ಇದಕ್ಕೆ ಬೇರೆ ಏನಾದರೂ ಅನ್ನುತ್ತಾರೆಯೇ? ಕೇಳಿ ಬಲ್ಲವರು ಯಾವ ಊರು, ಯಾವ ಗಿಡದ ಕಟ್ಟಿಗೆ ಎಂಬುದನ್ನೂ ಜೊತೆಗೆ ತಿಳಿಸಿ.