‘ಶಿಪ್ ಸ್ಟ್ರೈಕ್’: ಡಿಕ್ಕಿಯೋ, ತಾಗುವುದೋ, ಹಡಗೇಟೋ?

ಬಳಗದ ಎಲ್ಲರಿಗೂ ಮಂಗಳೂರಿನಿಂದ ನಮಸ್ಕಾರ.

ಪಣಂಬೂರಿನ ಕಡೆಯ ಶಾಲೆಯೊಂದರ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆಂದು ಎಂಟು ಫಲಕಗಳನ್ನು ತಯಾರಿಸುತ್ತಿದ್ದಾರೆ. ಹಡಗುಗಳು ತಿಮಿಂಗಿಲಗಳಿಗೆ ಬಡಿಯದಂತೆ ತಂತ್ರಜ್ಞಾನ ಏನೇನು ಮಾಡುತ್ತಿದೆ ಎಂಬುದು ವಿಷಯ. ಕನ್ನಡ ತಿದ್ದಿಕೊಡಿ ಎಂದು ಕರಡನ್ನು ನನ್ನ ಕೈಗೆ ಕೊಟ್ಟರು. ಅದನ್ನು ಯಾರೋ ಆಗಲೇ ಯಂತ್ರಾನುವಾದಕ್ಕೆ ಒಪ್ಪಿಸಿ ಬಂದಿದ್ದರು. ಮೊದಲ ಫಲಕದ ತಲೆಬರಹ ಹೀಗಿತ್ತು: ‘ತಿಮಿಂಗಿಲಗಳ ಮೇಲೆ ಹಡಗು ಮುಷ್ಕರ’.

‘ಶಿಪ್ ಸ್ಟ್ರೈಕ್’ ಎಂಬುದರ ಕನ್ನಡ ಅವತಾರ ಇದು. ಹಡಗುಗಳು ನಿಜಕ್ಕೂ ಮುಷ್ಕರ ಹೂಡಿದ್ದರೆ ತಿಮಿಂಗಿಲಗಳಿಗೆ ಅದಕ್ಕಿಂತ ಶುಭವಾರ್ತೆ ಬೇರೆ ಇರಲಿಲ್ಲ. ಮುಷ್ಕರವನ್ನು ಹೊಡೆದುಹಾಕುವುದೇನೋ ಸುಲಭವಾಯಿತು. ಅದರ ಜಾಗದಲ್ಲಿ ಏನು ಬರೆಯಬೇಕು ಎಂಬಲ್ಲಿ ಹದಿನೈದು ದಿನಗಳಿಂದ ನಿಂತಿದ್ದೇನೆ.

ಥಟ್ಟನೆ ಹೊಳೆಯುವುದು ಡಿಕ್ಕಿ. (ನಮ್ಮ ಕರಾವಳಿಯ ಅಚ್ಚಿನಲ್ಲಿ ಇದು ಹೆಚ್ಚಾಗಿ ಮಹಾಪ್ರಾಣದ ಢಿಕ್ಕಿ, ಘಟ್ಟ ಹತ್ತಿದರೆ ಪ್ರಾಣ ಇಳಿದು ಡಿಕ್ಕಿಯಾಗುತ್ತದೆ. ಕಾರಿನ ಹಿಂದಿನ ಸಾಮಾನಿನ ಪೆಟ್ಟಿಗೆಯೂ ಡಿಕ್ಕಿಯೇ ಆದ್ದರಿಂದ ಇಲ್ಲಿಯ ಮಹಾಪ್ರಾಣವನ್ನು ನಾನು ಮನಸ್ಸಿನಲ್ಲೇ ಬೆಂಬಲಿಸುತ್ತೇನೆ.) ‘ಹಡಗು–ತಿಮಿಂಗಿಲ ಡಿಕ್ಕಿ’ ಎಂದು ಬರೆದು ತೃಪ್ತಿಪಟ್ಟುಕೊಂಡು, ನಮ್ಮ ಪರಿಚಯದ ಹಿರಿಯ ತಾಂಡೇಲರೊಬ್ಬರಿಗೆ ಓದಿ ಹೇಳಿದೆ. ಬೆಂಗರೆಯವರು. ನಲವತ್ತು ವರ್ಷ ಆಳಸಮುದ್ರದ ಬೋಟು ನಡೆಸಿ ಈಗ ಮನೆಯಲ್ಲಿ ಬಲೆ ಹೆಣೆಯುತ್ತಾ ಕೂತಿರುತ್ತಾರೆ. ಬಲೆಯಿಂದ ತಲೆಯೆತ್ತದೆಯೇ ಕೇಳಿದರು:

“ಅಲ್ಲ ಮಾಸ್ಟ್ರೇ, ಆ ಮೀನು ಎದುರಿನಿಂದ ಬಸ್ಸು ಬಿಟ್ಟುಕೊಂಡು ಬರುತ್ತಿತ್ತಾ?”

ನೋಡಿ, ಇಡೀ ಸಮಸ್ಯೆ ಆ ಪ್ರಶ್ನೆಯಲ್ಲಿದೆ. ಕನ್ನಡದಲ್ಲಿ ಡಿಕ್ಕಿಗೆ ಎರಡು ಪಕ್ಷ ಬೇಕು. ಯಾರು ಯಾರಿಗೆ ಎಂಬುದನ್ನು ಚತುರ್ಥಿ ವಿಭಕ್ತಿ ಹೇಳುತ್ತದೆ: ‘ಬಸ್ಸಿಗೆ ಬೈಕ್ ಡಿಕ್ಕಿ’ ಎಂದರೆ ತಪ್ಪು ಬೈಕಿನವನದ್ದು ಎಂದು ಓದುಗ ಆಗಲೇ ತೀರ್ಮಾನಿಸಿರುತ್ತಾನೆ. ಇಬ್ಬರನ್ನೂ ಗೆರೆ ಎಳೆದು ಜೋಡಿಸಿ ‘ಹಡಗು–ತಿಮಿಂಗಿಲ ಡಿಕ್ಕಿ’ ಎಂದುಬಿಟ್ಟರೆ ತಪ್ಪು ಸಮಪಾಲಾಗುತ್ತದೆ. ಆದರೆ ಅಲ್ಲಿ ನಡೆಯುವುದು ಅದಲ್ಲ. ತಿಮಿಂಗಿಲ ಉಸಿರಾಟಕ್ಕೋ ವಿಶ್ರಾಂತಿಗೋ ಮೇಲೆ ಬಂದಿರುತ್ತದೆ. ಹಡಗಿನ ಎಂಜಿನ್ನೂ ಪ್ರೊಪೆಲ್ಲರೂ ಹಿಂಭಾಗದಲ್ಲಿರುತ್ತವೆ. ಅವುಗಳ ಸದ್ದಿಗೆ ಹಡಗಿನ ಒಡಲೇ ಅಡ್ಡವಾಗುವುದರಿಂದ ಮೂತಿಯ ನೇರ ಮುಂದೆ ಸದ್ದು ಕಡಿಮೆ. ದೊಡ್ಡ ಹಡಗಿಗೆ ಬ್ರೇಕ್ ಎಂಬುದಿಲ್ಲ, ನಿಲ್ಲಬೇಕಾದರೆ ಕಿಲೋಮೀಟರುಗಟ್ಟಲೆ ಹೋಗಬೇಕು. ಬಡಿದದ್ದು ಒಳಗಿದ್ದವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮೂತಿಗೆ ಸಿಕ್ಕಿಕೊಂಡ ಹೆಣವನ್ನು ಬಂದರಿನವರು ತೋರಿಸಿದ ಮೇಲೆ ತಿಳಿದದ್ದೂ ಉಂಟು. ಇದು ಡಿಕ್ಕಿಯಲ್ಲ, ಒಬ್ಬರು ಕೊಟ್ಟು ಇನ್ನೊಬ್ಬರು ತಿಂದದ್ದು.

ಹಾಗಾದರೆ ನೀವು ಏನೆನ್ನುತ್ತೀರಿ ಎಂದು ತಾಂಡೇಲರನ್ನೇ ಕೇಳಿದೆ. “ಹಡಗು ತಾಗಿತು ಎನ್ನುತ್ತೇವೆ. ಮತ್ತೆಂತದು?”

ತಾಗು! ಬಳಗದ ಹಳಗನ್ನಡದವರ ಕಿವಿ ಈಗ ನಿಮಿರಿರಬೇಕು. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ಸೇನೆಗಳು ಒಂದನ್ನೊಂದು ‘ತಾಗು’ವಾಗ ಅದು ಮುಟ್ಟುವ ವಿಷಯವಲ್ಲ, ಮೇಲೆ ಬೀಳುವ ವಿಷಯ. ಆ ಬಿರುಸು ಕರಾವಳಿಯಲ್ಲಿ ಇನ್ನೂ ಉಳಿದಿದೆ. ಇಲ್ಲಿ ಕಲ್ಲು ತಾಗಿ ತಲೆ ಒಡೆಯುತ್ತದೆ, ರಿಕ್ಷಾ ತಾಗಿ ಕಾಲು ಮುರಿಯುತ್ತದೆ. ತುಳುವಿನಲ್ಲಿಯೂ ತಾಗುವುದು ಹೀಗೆಯೇ ಪೆಟ್ಟಾಗುವಂತೆ. ಆದರೆ ಇದೇ ಫಲಕವನ್ನು ಮೈಸೂರಿನ ಮಗು ಓದಿದರೆ? ಅಲ್ಲಿ ಗಾಳಿ ತಾಗುತ್ತದೆ, ಬಿಸಿಲು ತಾಗುತ್ತದೆ, ಹೆಚ್ಚೆಂದರೆ ನೆಗಡಿಯಾಗುತ್ತದೆ. ‘ಹಡಗು ತಾಗಿ ತಿಮಿಂಗಿಲ ಸಾವು’ ಎಂದರೆ ಅಷ್ಟು ಮೆತ್ತಗಿನ ಜೀವಿಯೇ ಅದು ಎಂದುಕೊಳ್ಳಬಹುದು. ಹೀಗೆ, ಕೈಗೆ ಬಂದ ಒಳ್ಳೆಯ ಪದವೊಂದು ಶಿರಾಡಿ ಘಾಟಿ ದಾಟಲಾರದೆ ಇಲ್ಲೇ ಉಳಿಯಿತು.

ಮುಂದಿನದು ‘ಬಡಿ’. ಸಿಡಿಲು ಬಡಿದು, ರೈಲು ಬಡಿದು ಎನ್ನುತ್ತೇವಲ್ಲ. ರೈಲು ಬಡಿದು ಆನೆ ಸತ್ತಿತು ಎಂದಾಗ ಆನೆ ರೈಲಿಗೆ ಎದುರು ನಿಂತಿತ್ತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕ್ರಿಯಾಪದವಾಗಿ ಇದು ಚೆನ್ನಾಗಿ ಕೂರುತ್ತದೆ, ಫಲಕಗಳ ಒಳಗಿನ ವಾಕ್ಯಗಳಲ್ಲೆಲ್ಲ ಹೀಗೆಯೇ ಬಳಸಿದ್ದೇನೆ. ತೊಂದರೆ ಬರುವುದು ನಾಮಪದ ಬೇಕಾದಾಗ. ‘ಹಡಗು ಬಡಿತ’ ಎಂದರೆ ಹೃದಯ ಬಡಿತದ ನೆಂಟನಂತೆ ಕೇಳಿಸುತ್ತದೆ. ‘ನೌಕಾಘಾತ’ ಎಂದು ಇಲ್ಲಿಯ ಪಂಡಿತ ಮಿತ್ರರೊಬ್ಬರು ಸೂಚಿಸಿದರು. ಹೃದಯಾಘಾತದ ಮನೆಯಿಂದ ಹೊರಬರಲು ಇವರಾರಿಗೂ ಮನಸ್ಸಿಲ್ಲ.

ಕೊನೆಗೆ ಹೊಳೆದದ್ದು ‘ಹಡಗೇಟು’. ಗುಂಡೇಟು, ಕಲ್ಲೇಟು ಇದ್ದ ಹಾಗೆ. ಹಡಗು ಮತ್ತು ಏಟು, ನಡುವೆ ಲೋಪಸಂಧಿ. ಏಟು ತಿಂದವರು ಯಾರು ಎಂಬುದರಲ್ಲಿ ಗೊಂದಲವಿಲ್ಲ, ‘ಹಡಗೇಟಿಗೆ ಬಲಿ’ ಎಂದು ತಲೆಬರಹಕ್ಕೂ ಒದಗುತ್ತದೆ. ಆಕ್ಷೇಪವೂ ಬಂದಿದೆ: ಗುಂಡಿಗೂ ಕಲ್ಲಿಗೂ ಗುರಿಯಿಟ್ಟವರೊಬ್ಬರು ಇರುತ್ತಾರೆ, ಹಡಗಿಗೆ ಆ ಉದ್ದೇಶ ಇಲ್ಲವಲ್ಲ ಎಂದು ಮನೆಯಾಕೆಯ ವಾದ. ಬಂಡೆಯಿಂದ ಉರುಳಿದ ಕಲ್ಲಿನ ಏಟಿಗೂ ಗುರಿ ಇರುವುದಿಲ್ಲ ಎಂದು ನನ್ನ ಉತ್ತರ. ತೀರ್ಪು ನಿಮ್ಮದು.

ಎರಡನೆಯ ಪ್ರಶ್ನೆ ನನಗೆ ಮೊದಲನೆಯದಕ್ಕಿಂತ ಮುಖ್ಯ. ತಿಮಿಂಗಿಲ ಮೇಲೆ ಬಂದು ತಲೆಯ ಮೇಲಿನ ಮೂಗಿನಿಂದ ಎತ್ತರಕ್ಕೆ ಬಿಡುತ್ತದಲ್ಲ, ಅದಕ್ಕೆ ಕನ್ನಡದ ಮಕ್ಕಳ ಬರವಣಿಗೆಯಲ್ಲೆಲ್ಲ ‘ನೀರಿನ ಕಾರಂಜಿ’ ಎಂದೇ ಇರುತ್ತದೆ. ನಾನೂ ಮೂವತ್ತು ವರ್ಷ ಹಾಗೆಯೇ ಪಾಠ ಹೇಳಿದವನು. ಈ ಕರಡಿನ ಐದನೆಯ ಫಲಕದಲ್ಲಿ ಒಂದು ವಾಕ್ಯವಿತ್ತು: ‘ಹಡಗಿನ ಮೇಲೆ ಅಳವಡಿಸಿದ ಉಷ್ಣ ಕ್ಯಾಮೆರಾಗಳು ರಾತ್ರಿಯಲ್ಲೂ ತಿಮಿಂಗಿಲದ ಕಾರಂಜಿಯನ್ನು ಗುರುತಿಸುತ್ತವೆ.’ ತಿದ್ದುವಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸಮುದ್ರದ ನೀರನ್ನೇ ಚಿಮ್ಮಿಸುವುದಾದರೆ ಅದು ಸಮುದ್ರದಷ್ಟೇ ತಣ್ಣಗಿರುತ್ತದೆ ಅಲ್ಲವಾ ಸರ್, ಉಷ್ಣ ಕ್ಯಾಮೆರಾಕ್ಕೆ ಅದು ಹೇಗೆ ಕಾಣುತ್ತದೆ?”

ಉತ್ತರ ಸರಳ: ಅದು ನೀರಲ್ಲ, ಉಸಿರು. ನಮ್ಮ ಹಾಗೆ ಬಿಸಿರಕ್ತದ ಪ್ರಾಣಿಯ ಶ್ವಾಸಕೋಶದಿಂದ ಹೊರಟ ಬೆಚ್ಚನೆಯ, ತೇವದ ಗಾಳಿ. ಹೊರಗಿನ ತಂಪಿಗೆ ಆವಿ ಹನಿಗಟ್ಟಿ ಬಿಳಿಯಾಗಿ ಕಾಣುತ್ತದೆ. ಆ ಬಿಸಿಯನ್ನೇ ಕ್ಯಾಮೆರಾ ಹುಡುಕುವುದು. ಕಾರಂಜಿ ಎಂದು ಬರೆದ ಕೂಡಲೇ ಆ ಯಂತ್ರ ಏಕೆ ಕೆಲಸ ಮಾಡುತ್ತದೆ ಎಂಬುದೇ ಅರ್ಥವಾಗದಂತೆ ನಾವು ಬಾಗಿಲು ಹಾಕಿದ ಹಾಗಾಯಿತು.

ತಾಂಡೇಲರಿಗೆ ಈ ಗೊಂದಲವೇ ಇಲ್ಲ. ಒಮ್ಮೆ ರಾತ್ರಿ ಎಂಜಿನ್ ನಿಲ್ಲಿಸಿ ಮಲಗಿದ್ದಾಗ ಬೋಟಿನ ಪಕ್ಕದಲ್ಲೇ ‘ಬುಸ್’ ಎಂದು ಸದ್ದಾಯಿತಂತೆ. ಕೊಟ್ಟಿಗೆಯ ಎಮ್ಮೆ ಉಸಿರು ಬಿಟ್ಟಂತೆ, ಆದರೆ ಹತ್ತು ಎಮ್ಮೆ ಒಟ್ಟಿಗೆ. ಸ್ವಲ್ಪ ಹೊತ್ತಿಗೆ ಕೊಳೆತ ಬೂತಾಯಿ ಮೀನಿನ ವಾಸನೆ. ಟಾರ್ಚ್ ಹಾಕಿದರೆ ಕಪ್ಪು ಬೆನ್ನು ಉರುಳಿ ಒಳಗೆ ಹೋಯಿತು. “ನೀರು ಗೀರು ಹಾರಿಸಲಿಲ್ಲ ಮಾಸ್ಟ್ರೇ, ಉಸಿರು ಬಿಟ್ಟಿತು.” ನಿಟ್ಟುಸಿರು ಎನ್ನೋಣವೆಂದರೆ ಅದರಲ್ಲಿ ದುಃಖ ಸೇರಿಕೊಂಡಿದೆ, ಮೂಲದಲ್ಲಿ ಬರೀ ನೀಳವಾದ ಉಸಿರೇ ಆಗಿದ್ದರೂ. ಹಳಗನ್ನಡದ ‘ಬಿಸುಸುಯ್’ ನೆನಪಾಗಿ ಒಂದು ಕ್ಷಣ ಮೈ ಜುಮ್ಮೆಂದಿತು: ವಿರಹದ ಆ ಬಿಸಿ ಸುಯ್ಲನ್ನು ಕೊನೆಗೂ ಅಳೆಯುವ ಕ್ಯಾಮೆರಾ ಬಂದಿದೆ! ಮಕ್ಕಳ ಫಲಕದಲ್ಲಿ ‘ಬಿಸಿಯುಸಿರು’ ಎಂದು ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ. ಕಾರಂಜಿಗೆ ಮಾತ್ರ ಮರಳುವುದಿಲ್ಲ.

ಉಳಿದವು ಚಿಲ್ಲರೆ. ‘ಗಂಟೆಗೆ 10 ನಾಟ್’ ಎಂದು ಕರಡಿನ ಉದ್ದಕ್ಕೂ ಇತ್ತು. ನಾಟ್ ಎಂದರೇ ಗಂಟೆಗೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರ್, ‘ಗಂಟೆಗೆ’ ಮತ್ತೆ ಬೇಡ. ಹಗ್ಗಕ್ಕೆ ಗಂಟು ಹಾಕಿ ನೀರಿಗೆ ಬಿಟ್ಟು ವೇಗ ಎಣಿಸುತ್ತಿದ್ದ ಕಾಲದ ಪದವಾದ್ದರಿಂದ ‘ಗಂಟು’ ಎನ್ನಬಹುದೇ ಎಂದು ಯೋಚಿಸಿದೆ. ಗಂಟಿಗೂ ಗಂಟೆಗೂ ಗಂಟುಬೀಳುವುದೆಂದು ಬಿಟ್ಟೆ. ಈ 10ರ ಮಹತ್ವ ಮಾತ್ರ ಮಕ್ಕಳಿಗೆ ತಿಳಿಯಲೇಬೇಕು. ಅಮೆರಿಕದ ಪೂರ್ವ ಕರಾವಳಿಯ ಕೆಲವು ವಲಯಗಳಲ್ಲಿ ನಿಗದಿತ ತಿಂಗಳುಗಳಲ್ಲಿ 65 ಅಡಿ ಮತ್ತು ಅದಕ್ಕಿಂತ ಉದ್ದದ ಹಡಗುಗಳು 10 ನಾಟ್ ಮೀರಬಾರದೆಂದು 2008ರಲ್ಲಿ ನಿಯಮವಾಯಿತು. ವೇಗ 15 ನಾಟ್ ಇದ್ದಾಗ ಏಟು ಸಾವಿಗೆ ಕಾರಣವಾಗುವ ಸಾಧ್ಯತೆ ಸುಮಾರು ಶೇ. 80, 8.6ಕ್ಕೆ ಇಳಿದರೆ ಸುಮಾರು ಶೇ. 20 ಎಂದು 2007ರ ಅಧ್ಯಯನವೊಂದು ಲೆಕ್ಕ ಹಾಕಿದೆ. 10 ನಾಟ್ ಎಂದರೆ ಹದಿನೆಂಟೂವರೆ ಕಿಲೋಮೀಟರ್, ಮೈ ಬಗ್ಗಿಸಿ ತುಳಿಯುವ ಸೈಕಲ್ಲಿನ ವೇಗ. ಹಾಗೆಂದೇ ಬರೆದಿದ್ದೇನೆ.

ಆ ನಿಯಮ ಯಾರಿಗಾಗಿ ಬಂತೋ ಆ ‘ರೈಟ್ ವೇಲ್’ ಕರಡಿನಲ್ಲಿ ‘ಸರಿಯಾದ ತಿಮಿಂಗಿಲ’ ಆಗಿತ್ತು. ನಗುವ ಹಾಗಿಲ್ಲ. ಬೇಟೆಗೆ ತಕ್ಕದ್ದು ಎಂದು ಬೇಟೆಗಾರರು ಕೊಟ್ಟ ಹೆಸರು ಅದು ಎನ್ನುತ್ತಾರೆ: ನಿಧಾನ ಈಜುತ್ತದೆ, ಮೇಲ್ಮೈಯಲ್ಲೇ ಇರುತ್ತದೆ, ಸತ್ತರೆ ತೇಲುತ್ತದೆ. ಅದೇ ಗುಣಗಳು ಈಗ ಹಡಗೇಟಿಗೂ ಅದನ್ನು ‘ಸರಿ’ಯಾಗಿಸಿವೆ. ‘ರೈಟ್ ತಿಮಿಂಗಿಲ’ ಎಂದೇ ಉಳಿಸಿ ಕೆಳಗೆ ಒಂದು ಸಾಲು ವಿವರಿಸಿದ್ದೇನೆ. ತಿಮಿಂಗಲವೋ ತಿಮಿಂಗಿಲವೋ ಎಂಬ ಹಳೆಯ ಜಗಳಕ್ಕೆ ಇಲ್ಲಿ ಇಳಿಯುವುದಿಲ್ಲ. ತಿಮಿಯನ್ನು ನುಂಗುವುದು, ‘ಗಿಲ’ ಎಂದರೆ ನುಂಗುವ, ಆದ್ದರಿಂದ ಗುಡಿಸು ಬೇಕು. ಮಲೆಯಾಳದವರು ತಿಮಿಂಗಲಂ ಎನ್ನಲಿ, ಅದು ಅವರ ಮನೆ.

‘ಎಐಎಸ್’ ಅನ್ನು ಕರಡಿನಲ್ಲಿ ‘ಸ್ವಯಂಚಾಲಿತ ಗುರುತಿಸುವಿಕೆ ವ್ಯವಸ್ಥೆ’ ಎಂದಿದ್ದರು. ಹಡಗು ತನ್ನ ಹೆಸರು, ಜಾಗ, ವೇಗ, ದಿಕ್ಕುಗಳನ್ನು ರೇಡಿಯೋದಲ್ಲಿ ಸಾರುತ್ತಾ ಹೋಗುವ ಉಪಕರಣ ಅದು. ಯಾವ ಹಡಗು ನಿಧಾನ ಮಾಡಿತು, ಯಾವುದು ಮಾಡಲಿಲ್ಲ ಎಂದು ದಡದಲ್ಲಿ ಕೂತು ಹೇಳಬಹುದಾದದ್ದು ಅದರಿಂದಲೇ. ಮಲ್ಪೆಯ ಬೋಟುಗಳಲ್ಲಿ ಜಿಪಿಎಸ್, ವೈರ್‌ಲೆಸ್ ಕನ್ನಡವಾಗಿ ಎಷ್ಟೋ ಕಾಲವಾಯಿತು, ಇದೂ ಹಾಗೆಯೇ ಇರಲಿ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಕಡಲಲ್ಲಿ 2020ರಿಂದ ‘ವೇಲ್ ಸೇಫ್’ ಎಂಬ ವ್ಯವಸ್ಥೆಯಿದೆ. ನೀರೊಳಗಿನ ಮೈಕ್ ಇರುವ ತೇಲುಬೋಯ ತಿಮಿಂಗಿಲದ ಕೂಗನ್ನು ಕೇಳಿಸಿಕೊಳ್ಳುತ್ತದೆ. ಕಡಲಿನ ಸ್ಥಿತಿ ನೋಡಿ ನೀಲಿ ತಿಮಿಂಗಿಲ ಎಲ್ಲಿರಬಹುದೆಂಬ ಅಂದಾಜು ಬರುತ್ತದೆ. ಕಣ್ಣಾರೆ ಕಂಡವರ ವರದಿಯೂ ಸೇರುತ್ತದೆ. ಎಐಎಸ್ ನೋಡಿ ಹಡಗು ಕಂಪನಿಗಳಿಗೆ ಶಾಲೆಯ ಹಾಗೆ ಗ್ರೇಡ್ ಕೊಡುತ್ತಾರೆ. ಮಕ್ಕಳಿಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಈ ಅಂಕಪಟ್ಟಿ.

‘ಶಿಪ್ಪಿಂಗ್ ಲೇನ್’ಗೆ ‘ಹಡಗುದಾರಿ’ ಹಾಕಿದ್ದೇನೆ. 2007ರಲ್ಲಿ ಬಾಸ್ಟನ್ನಿನ ಹಡಗುದಾರಿಯನ್ನು ತಿಮಿಂಗಿಲಗಳು ಸೇರುವ ಜಾಗದಿಂದ ಸ್ವಲ್ಪ ಸರಿಸಿದರು. ನಮಗೆ ಹತ್ತಿರದ್ದು ಶ್ರೀಲಂಕಾ: ಅದರ ದಕ್ಷಿಣದ ಅಂಚಿನಲ್ಲೇ ನೀಲಿ ತಿಮಿಂಗಿಲಗಳ ತಾಣವೂ ಪೂರ್ವ–ಪಶ್ಚಿಮದ ದೊಡ್ಡ ಹಡಗುದಾರಿಯೂ ಒಂದರ ಮೇಲೊಂದಿವೆ. 2022ರಲ್ಲಿ ಎಂಎಸ್‌ಸಿ ಕಂಪನಿ ತನ್ನ ಹಡಗುಗಳನ್ನು ಸುಮಾರು 15 ನಾಟಿಕಲ್ ಮೈಲು ದಕ್ಷಿಣಕ್ಕೆ ಸರಿಸಿ ಓಡಿಸತೊಡಗಿತು. ಇನ್ನೂ ಹತ್ತಿರ ಬೇಕೆಂದರೆ, 2017ರಲ್ಲಿ ಒಮಾನಿನ ಬಳಿ ಉಪಗ್ರಹದ ಮೂಲಕ ಜಾಡು ಹಿಡಿಯುವ ಟ್ಯಾಗ್ ಹಾಕಿಸಿಕೊಂಡ ಗೂನುಬೆನ್ನಿನ ತಿಮಿಂಗಿಲವೊಂದು ಅರಬ್ಬೀ ಸಮುದ್ರ ದಾಟಿ ಮನ್ನಾರ್ ಕೊಲ್ಲಿಯವರೆಗೆ ಬಂದಿತ್ತು. ಅದಕ್ಕೆ ಇಟ್ಟ ಹೆಸರು ಲುಬಾನ್. ನಾವು ಸಂಜೆ ಕೆಂಡದ ಮೇಲೆ ಹಾಕುವ ಲೋಬಾನದ ಅರಬ್ಬೀ ಮೂಲ! ಅರಬ್ಬೀ ಸಮುದ್ರದ ಗೂನುಬೆನ್ನಿನವು ವಲಸೆ ಹೋಗದೆ ವರ್ಷವಿಡೀ ಇದೇ ಕಡಲಲ್ಲಿ ಇರುವಂಥವು. ಈ ಫಲಕವನ್ನು ಕರಡಿಗೆ ನಾನೇ ಸೇರಿಸಿದೆ, ಅಧಿಕಪ್ರಸಂಗವೆಂದರೂ ಸರಿ.

ಅಂದ ಹಾಗೆ, ನಮ್ಮ ಪತ್ರಿಕೆಗಳ ‘ತಿಮಿಂಗಿಲ ವಾಂತಿ’ಯ ಬಗ್ಗೆಯೂ ಒಮ್ಮೆ ಇಲ್ಲಿ ಚರ್ಚೆಯಾಗಬೇಕು. ಅಂಬರ್‌ಗ್ರೀಸ್ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಬೆಳೆಯುವ ವಸ್ತು. ಇನ್ನೊಮ್ಮೆ ಬರೆಯುತ್ತೇನೆ.

ಕೊನೆಯದಾಗಿ, ಹಡಗಿನ ಮುಂದಿನ ತುದಿಗೆ ನಾನು ‘ಮೂತಿ’ ಎಂದೇ ಬರೆಯುತ್ತಾ ಬಂದಿದ್ದೇನೆ. ಮಲೆಯಾಳದ ದೋಣಿಗೆ ಮುಂದೆ ಅಣಿಯಂ, ಹಿಂದೆ ಅಮರಂ ಉಂಟು. ಗಂಗೊಳ್ಳಿ, ಭಟ್ಕಳ, ಕಾರವಾರದ ಕಡೆಯವರು ದೋಣಿಯ ಎರಡು ತುದಿಗಳಿಗೆ ಮನೆಯಲ್ಲಿ ಏನೆನ್ನುತ್ತಾರೆಂದು ದಯವಿಟ್ಟು ಬರೆಯಿರಿ. ಫಲಕಗಳು ಬರುವ ಗುರುವಾರ ಅಚ್ಚಿಗೆ ಹೋಗುತ್ತವೆ. ಮೊದಲ ಫಲಕದಲ್ಲಿ ಮುಷ್ಕರ ಇದ್ದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಐದು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.